ಸೊಂಟದ ತುಲನಾತ್ಮಕ ಪಟ್ಟಿ

ಷರಾ ಸಾಹೇಬರ ಸೊಂಟ ಹೋದದ್ದು ಒಂದೇ ಒಂದು ಸೀನಿನಿಂದ. ಈ ಸತ್ಯ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಸಾಹೇಬರು, ಇನ್ನೊಬ್ಬಳು ಅವರ ಹೆಂಡತಿ. ಸೋಮವಾರ ಬೆಳಗ್ಗೆ ಕಚೇರಿಗೆ ಹೊರಟವರು ಸ್ಟೂಲಿನ ಮೇಲೆ ಎಡಗಾಲಿಟ್ಟು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದರು. ಮೂಗಿನೊಳಗೆ ಏನೋ ಕಚಗುಳಿಯಾಯಿತು. ಸೀನು ಹೊರಗೆ ಹೋಯಿತು, ಸಾಹೇಬರು ಬಗ್ಗಿದಲ್ಲೇ ಉಳಿದರು.

ಅಡುಗೆಮನೆಯಿಂದ ಬಂದ ಹೆಂಡತಿ, ಗಂಡ ಮಂಚದ ಕೆಳಗೆ ಏನೋ ನೋಡುತ್ತಿದ್ದಾರೆ ಅಂದುಕೊಂಡಳು.

"ಏನ್ರೀ ಹುಡುಕ್ತಾ ಇದೀರಾ?"

"ಸೊಂಟ," ಎಂದರು ಸಾಹೇಬರು, ನೆಲ ನೋಡುತ್ತಲೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಐವತ್ತಾರು ವರ್ಷ ನೆಟ್ಟಗೆ ನಿಂತಿದ್ದ ಬೆನ್ನನ್ನು ಒಂದು ಸೀನು ಮಡಚಿ ಹಾಕಿತು. ಆದರೆ ಖರೀದಿ ವಿಭಾಗದ ಮುಖ್ಯ ಗುಮಾಸ್ತರು ಸೀನಿ ಹಾಸಿಗೆ ಹಿಡಿದರು ಎಂದರೆ ಜನ ಏನೆಂದಾರು? ನೆಗಡಿಯಿಂದ ಮೂಗು ಹೋದವರ ಕಥೆ ಕೇಳಿದ್ದೇವೆ, ಸೊಂಟ ಹೋದವರ ಕಥೆ ಯಾರೂ ಕೇಳಿಲ್ಲ. ಆದ್ದರಿಂದ ಸಾಹೇಬರು ಮಲಗಿದಲ್ಲೇ ಒಂದು ಹೇಳಿಕೆ ಸಿದ್ಧಪಡಿಸಿದರು. ಶನಿವಾರ ಕಚೇರಿಯಲ್ಲಿ ಹಳೆಯ ಕಡತಗಳ ದೊಡ್ಡ ಕಟ್ಟು ಎತ್ತಿದ್ದು, ಅದು ಸೋಮವಾರ ಹಿಡಿದುಕೊಂಡಿತು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅದರಲ್ಲೂ ಇವರದು ಎರಡೂ ಕಡೆ ಸ್ಕೇಲಿಟ್ಟು ಕತ್ತರಿಸಿದಂಥ ಮೀಸೆ.

"ಕಡತ ಎತ್ತಿದ್ರಂತೆ!" ಎಂದಳು ಹೆಂಡತಿ. "ಒಂದು ಕಡತಾನ ಈ ಮೇಜಿಂದ ಆ ಮೇಜಿಗೆ ಕಳಿಸೋಕೇ ಆರು ತಿಂಗಳು ತಗೊಳ್ಳೋರು ನೀವು. ಕಟ್ಟು ಎತ್ತಿದ್ರಂತೆ!"

ಆದರೂ ಆಕೆ ಗುಟ್ಟು ಬಿಡಲಿಲ್ಲ. ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳೇ ಹೊರತು ಬೆನ್ನ ಹಿಂದೆ ಮಾತಾಡುವವಳಲ್ಲ. ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಒಂದು ಭಾನುವಾರ ಇತ್ತು ಎನ್ನುವುದು ಮಾತ್ರ, ತಾರೀಖುಗಳಲ್ಲೇ ಆಯುಸ್ಸು ಸವೆಸಿದ ಸಾಹೇಬರಿಗೆ ಹೊಳೆಯಲಿಲ್ಲ.

ಷರಾ ಸಾಹೇಬರು ಎನ್ನುವುದು ಕಚೇರಿಯವರು ಇಟ್ಟ ಹೆಸರು. ಕುರ್ಚಿ, ಫ್ಯಾನು, ಗೋಂದು, ಗುಂಡುಸೂಜಿ, ಏನೇ ಕೊಳ್ಳಬೇಕಾದರೂ ಕನಿಷ್ಠ ಮೂರು ಕಡೆ ವಿಚಾರಿಸಿ, ಉದ್ದ ಗೆರೆ ಅಡ್ಡ ಗೆರೆ ಎಳೆದು, ತುಲನಾತ್ಮಕ ಪಟ್ಟಿ ತಯಾರಿಸುವುದು ಅವರ ಕೆಲಸ. ಪಟ್ಟಿಯ ಕೊನೆಯ ಅಂಕಣ ಷರಾ, ಅಂದರೆ ಅಭಿಪ್ರಾಯ ಬರೆಯುವ ಜಾಗ. ಉಳಿದ ಗುಮಾಸ್ತರು ಅಲ್ಲಿ ಒಂದು ಅಡ್ಡಗೆರೆ ಎಳೆದು ಮನೆಗೆ ಹೋಗುತ್ತಿದ್ದರು. ಸಾಹೇಬರು ಹಾಗಲ್ಲ. 'ಕುರ್ಚಿ ಗಟ್ಟಿಯಿದೆ, ಆದರೆ ಕೂತವರು ಏಳುವಾಗ ಕಿರುಚುತ್ತದೆ. ನಿದ್ದೆ ಮಾಡುವ ಸಿಬ್ಬಂದಿಗೆ ಸೂಕ್ತ' ಎಂದು ಬರೆದವರು ಅವರು. ಮನೆಗೆ ಒಂದು ಬಕೆಟ್ ತರಬೇಕಾದರೂ ಮೂರು ಅಂಗಡಿ ಸುತ್ತುವರು. ಮೊದಲನೆಯ ಅಂಗಡಿಯಲ್ಲೇ ಒಳ್ಳೆಯದು ಸಿಕ್ಕಿದರೆ ಅವರಿಗೆ ಅಂದು ಊಟ ಸೇರುತ್ತಿರಲಿಲ್ಲ.

ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಐವತ್ತನಾಲ್ಕು. ಲಿಫ್ಟಿಗೆಂದು ಬಿಟ್ಟ ಜಾಗ ಇತ್ತು, ಲಿಫ್ಟ್ ಇರಲಿಲ್ಲ. ಆ ಜಾಗದಲ್ಲಿ ಕೆಳಮನೆಯಾಕೆ ಹಳೆಯ ಹಾಸಿಗೆ, ಚಕ್ರವಿಲ್ಲದ ಸೈಕಲ್ಲು, ಮುರಿದ ತೊಟ್ಟಿಲು ಎಲ್ಲ ತುಂಬಿದ್ದಳು. ಮನೆಯಲ್ಲಿ ಮೂವರು. ಸಾಹೇಬರು, ಹೆಂಡತಿ, ಮತ್ತೆ ಅಕ್ಕ.

ಅಕ್ಕ ಸಾಹೇಬರಿಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ದುಡಿಯಲು ಹೋದಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನು ಸೊಂಟಕ್ಕೆ ದೊಡ್ಡವನಾದ ಮೇಲೆ ಉಪ್ಪುಮೂಟೆ ಮಾಡಿ ಬೆನ್ನ ಮೇಲೆ ಹೊತ್ತಳು. ಆಮೇಲೆ ಮೂವತ್ತೆರಡು ವರ್ಷ ಸಿನಿಮಾ ಥಿಯೇಟರಿನ ಟಿಕೆಟ್ ಕಿಟಕಿಯಲ್ಲಿ ಕೂತಳು. ಆ ಕಿಟಕಿಯ ಕಂಡಿಯಲ್ಲಿ ಜನರ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಒಳಗೆ ಬರುತ್ತಿತ್ತು. ಹಾಗಾಗಿ ಬೀದಿಯ ಅರ್ಧ ಜನರನ್ನು ಅಕ್ಕ ಇವತ್ತಿಗೂ ಕೈ ನೋಡಿಯೇ ಗುರುತಿಸುತ್ತಾಳೆ. ಈಗ ಅವಳ ಎರಡೂ ಮಂಡಿಯ ಕೀಲು ಸವೆದು, ಕೋಲು ಹಿಡಿದು ಮನೆಯೊಳಗೆ ಓಡಾಡುವುದಷ್ಟೇ. ಮೆಟ್ಟಿಲು ಎಂದರೆ ಆಗದು.

ಆದ್ದರಿಂದ ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಸಾಹೇಬರು ಅಕ್ಕನ ಕುರ್ಚಿಯ ಮುಂದೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂರುವರು. ತಲೆ ಬಾಚಿ, ಚಪ್ಪಲಿ ಮೆಟ್ಟಿ ಸಿದ್ಧವಾಗಿರುವ ಅಕ್ಕ ಅವರ ಕೊರಳಿಗೆ ಕೈ ಹಾಕುವಳು. ಉಪ್ಪುಮೂಟೆ! ಮಹಡಿಗೊಮ್ಮೆ ನಿಂತು, ಅಕ್ಕ ಕಂಬಿ ಹಿಡಿದು ಒಂದು ಗಳಿಗೆ ನಿಂತುಕೊಂಡು, ಮತ್ತೆ ಬೆನ್ನೇರಿ, ಕೆಳಗೆ ಬೀದಿ ದಾಟಿ ಬೀಗದ ಕೀ ಮಾಡುವವನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಅವಳ ಪಟ್ಟಾಭಿಷೇಕ. ಮೂರು ಗಂಟೆ ಅಲ್ಲೇ ದರ್ಬಾರು. ಯಾರ ಮಗಳು ಯಾರ ಜೊತೆ ಸಿನಿಮಾಕ್ಕೆ ಬಂದಿದ್ದಳು ಎನ್ನುವುದರಿಂದ ಹಿಡಿದು ಯಾರ ಬೀಗ ಯಾಕೆ ಬದಲಾಯಿತು ಎನ್ನುವವರೆಗೆ ಎಲ್ಲವೂ ಅಲ್ಲಿ ಇತ್ಯರ್ಥವಾಗಬೇಕು.

ಬೇರೆ ಯಾರೂ ಅವಳನ್ನು ಹೊರುವಂತಿಲ್ಲ. ಹಿಂದೊಮ್ಮೆ ಸಾಹೇಬರು ಊರಲ್ಲಿಲ್ಲದಾಗ, ಮನೆ ಸಾಮಾನು ಸಾಗಿಸುವ ಇಬ್ಬರನ್ನು ಹೆಂಡತಿ ಕರೆಸಿದ್ದಳು.

"ಬಾಗಿಲ ಹತ್ರ ಬಂದಾಗ ಒಬ್ಬ ಇನ್ನೊಬ್ಬನಿಗೆ 'ಸ್ವಲ್ಪ ಓರೆ ಮಾಡು' ಅಂದ ಕಣೋ!" ಎಂದು ಅಕ್ಕ ಇಂದಿಗೂ ಕುದಿಯುತ್ತಾಳೆ. "ನಾನೇನು ಬೀರೂನಾ?"

ಹೀಗಾಗಿ ಸೊಂಟ ಹೋದ ದಿನದಿಂದ ಅಕ್ಕ ಬೀದಿ ಕಂಡಿರಲಿಲ್ಲ. ಸಾಹೇಬರಿಗೆ ನೋವು ಸಹಿಸುವುದು ದೊಡ್ಡದಾಗಿರಲಿಲ್ಲ. ಭಾನುವಾರ ಹತ್ತು ಗಂಟೆ ಹೊಡೆದಾಗ ಅಕ್ಕನ ಕಡೆ ನೋಡದೆ ಪೇಪರು ಎತ್ತಿ ಹಿಡಿಯುವುದಿತ್ತಲ್ಲ, ಅದನ್ನು ತಾಳಲಾಗುತ್ತಿರಲಿಲ್ಲ. ಹೇಗಾದರೂ ಮಾಡಿ ಅಕ್ಕನನ್ನು ಮತ್ತೆ ಇಳಿಸಲೇಬೇಕು. ಅದಕ್ಕೆ ಬೇಕಾದ ಒಳ್ಳೆಯ ಚಿಕಿತ್ಸೆಯನ್ನು ಆರಿಸಬೇಕು. ಆರಿಸಬೇಕೆಂದರೆ ಸಾಹೇಬರಿಗೆ ಗೊತ್ತಿದ್ದದ್ದು ಒಂದೇ ದಾರಿ.

ಅವರು ದೊಡ್ಡ ಹಾಳೆಯೊಂದನ್ನು ತೆಗೆದು ಗೆರೆ ಎಳೆದರು. ವಿಷಯ: ಸೊಂಟ. ಕಾರಣ: ಕಡತ ಎತ್ತಿದ್ದು. ಸ್ವಂತ ಪಟ್ಟಿಯಲ್ಲೂ ಸೀನು ಎಂದು ಬರೆಯಲು ಅವರಿಗೆ ಪೆನ್ನು ಏಳಲಿಲ್ಲ. ಅಂಕಣಗಳು: ಕ್ರಮಸಂಖ್ಯೆ, ಚಿಕಿತ್ಸೆ, ಶಿಫಾರಸು ಮಾಡಿದವರು, ನೋವು ಹತ್ತಕ್ಕೆ ಎಷ್ಟು, ಷರಾ. ಪ್ರತಿ ಚಿಕಿತ್ಸೆಗೂ ಹದಿನೈದು ದಿನ. ಆಮೇಲೆ ಒಂದು ವಾರ ಖಾಲಿ ಬಿಡುವುದು; ಒಬ್ಬರು ಮಾಡಿದ ಗುಣ ಇನ್ನೊಬ್ಬರ ಹೆಸರಿಗೆ ಹೋಗಬಾರದು. ಎಲ್ಲರ ಸರದಿ ಮುಗಿಯುವವರೆಗೆ ಯಾರನ್ನೂ ಒಪ್ಪುವಂತಿಲ್ಲ. ನ್ಯಾಯ ಎಂದರೆ ನ್ಯಾಯ.

ಶಿಫಾರಸಿಗೇನು ಬರ? ಕಚೇರಿಯ ಊಟದ ಹೊತ್ತಿನಲ್ಲಿ ಸೊಂಟದ ಮಾತೆತ್ತಿದ್ದೇ ತಡ, ಅಷ್ಟು ದಿನ ಆರೋಗ್ಯವಂತರಂತೆ ಓಡಾಡಿಕೊಂಡಿದ್ದವರೆಲ್ಲ ಒಂದೊಂದು ಅಂಗ ಹಿಡಿದುಕೊಂಡು ಎದ್ದು ನಿಂತರು. ಟೈಪಿಸ್ಟಿಗೆ ಹೆಬ್ಬೆರಳ ಬುಡ. ಡ್ರೈವರಿಗೆ ಬಲಮಂಡಿ. ಮೇಲಧಿಕಾರಿಗೆ ಭುಜ ಹೆಪ್ಪುಗಟ್ಟಿ, ಮೂರು ವರ್ಷದಿಂದ ಅವರು ಬಲಗೈಯನ್ನು ಸಹಿ ಹಾಕುವ ಎತ್ತರಕ್ಕಿಂತ ಮೇಲೆ ಎತ್ತಿರಲಿಲ್ಲ. ಪ್ರತಿಯೊಬ್ಬರಿಗೂ ತಮ್ಮನ್ನು ಉಳಿಸಿದ ಒಂದು ಔಷಧಿ ಇತ್ತು, ಇನ್ನೊಬ್ಬರ ಔಷಧಿಯನ್ನು ಕಂಡರೆ ತಾತ್ಸಾರ ಇತ್ತು. ನೋವು ತಾನಾಗಿ ಮನೆ ಬಿಟ್ಟು ಹೊರಡುವ ದಿನ ಬಾಗಿಲಲ್ಲಿ ಯಾರು ನಿಂತಿರುತ್ತಾರೋ, ಓಡಿಸಿದ ಹೆಸರು ಅವರಿಗೇ ಹೋಗುತ್ತದೆ.

ಮೊದಲನೆಯ ಸಾಲು, ಮಾತ್ರೆ ಮತ್ತು ವಿಶ್ರಾಂತಿ. ಷರಾ: 'ನೋವೂ ಮಲಗಿತು, ನಾನೂ ಮಲಗಿದೆ. ಇಬ್ಬರೂ ಒಟ್ಟಿಗೇ ಎದ್ದೆವು.'

ಎರಡನೆಯದು ಡ್ರೈವರ್ ಹೇಳಿದ ಸೊಂಟದ ಬೆಲ್ಟು. 'ಕಟ್ಟಿದಾಗ ನೆಟ್ಟಗೆ, ಬಿಚ್ಚಿದಾಗ ಯಥಾಪ್ರಕಾರ. ಊಟಕ್ಕೆ ಅಡ್ಡಿ.'

ಮೂರನೆಯದು ಮಾಲೀಸು. ಮಾಲೀಸಿನವನು ಹಿಂದೆ ಕುಸ್ತಿ ಆಡುತ್ತಿದ್ದನಂತೆ. ಈಗಲೂ ಆಡುತ್ತಿದ್ದಾನೆ ಎನ್ನುವುದು ಸಾಹೇಬರಿಗೆ ಎರಡನೆಯ ನಿಮಿಷದಲ್ಲಿ ಖಚಿತವಾಯಿತು. 'ಸೊಂಟದಲ್ಲಿ ಮಾತ್ರ ಇದ್ದ ನೋವು ಇಡೀ ದೇಹಕ್ಕೆ ಸಮನಾಗಿ ಹಂಚಿಕೆಯಾಗಿದೆ.'

ನಾಲ್ಕನೆಯದು ಮೇಲಧಿಕಾರಿಯ ಸಲಹೆ, ತೂಕ ಇಳಿಸುವುದು. ಅದಕ್ಕೆಂದು ತೂಕದ ಯಂತ್ರ ಬಂತು. ಹದಿನೈದು ದಿನ ಸಾಹೇಬರು ಅದರ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಮಾಡಿದರು. 'ತೂಕ ಇಳಿದಿಲ್ಲ. ಬಗ್ಗಿ ಅಂಕಿ ನೋಡುವಾಗ ನೋವು ಹೆಚ್ಚು.' ಯಂತ್ರ ಅಕ್ಕನ ಮಂಚದ ಕೆಳಗೆ ಸೇರಿತು.

ಐದನೆಯ ಸಾಲಿನ ಕಥೆಯೇ ಬೇರೆ. ನಮ್ಮ ಜನಕ್ಕೆ ಚರ್ಮದ ಒಳಗೆ ಉದ್ದಕ್ಕೆ ಇರುವುದೆಲ್ಲ ನರವೇ. ರಕ್ತ ಹರಿದರೂ ನರ, ಎಳೆದರೂ ನರ, ಉಳುಕಿದರೂ ನರ. ಸಾಹೇಬರು ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿ, "ನರ ಹಿಡ್ಕೊಂಡಿದೆಯಮ್ಮಾ, ನರದ ಮೇಲೆ ನರ ಹತ್ತಿದೆ" ಎಂದರು. ಕೌಂಟರಿನ ಹುಡುಗಿ ಚೀಟಿ ಬರೆದು ಎರಡನೆಯ ಮಹಡಿಗೆ ಕಳಿಸಿದಳು. ಬಾಗಿಲ ಮೇಲೆ 'ನರ ಮತ್ತು ಮನೋರೋಗ' ಎಂದಿತ್ತು. ಸಾಹೇಬರು ನರ ಎನ್ನುವುದನ್ನಷ್ಟೇ ಓದಿ ಒಳಗೆ ಹೋದರು.

ಡಾಕ್ಟರು ಬಹಳ ಮೃದುವಾಗಿ ಮಾತಾಡಿದರು. "ಯಾರೋ ನಿಮ್ಮ ಹಿಂದೆ ಬಿದ್ದಿದಾರೆ ಅಂತ ಅನಿಸುತ್ತಾ?"

"ಅನಿಸೋದೇನು ಬಂತು ಸಾರ್, ಬಿದ್ದೇ ಇದಾರೆ. ಆಡಿಟ್‌ನೋರು."

"ಒಂದೇ ವಿಷಯಾನ ಮತ್ತೆ ಮತ್ತೆ ಪರೀಕ್ಷೆ ಮಾಡ್ಬೇಕು ಅನಿಸುತ್ತಾ?"

"ಕನಿಷ್ಠ ಮೂರು ಸಲ. ನಿಯಮ ಇದೆ."

"ಎಷ್ಟು ವರ್ಷದಿಂದ?"

"ಸರ್ವಿಸಿಗೆ ಸೇರಿದಾಗಿಂದ."

ಡಾಕ್ಟರು ಕನ್ನಡಕ ತೆಗೆದು ಒರೆಸಿ, ಒಂದು ಗುಳಿಗೆ ಬರೆದುಕೊಟ್ಟರು. ಹದಿನೈದು ದಿನ ಸಾಹೇಬರು ಮುಗುಳ್ನಗುತ್ತಾ ಓಡಾಡಿದರು. ಒಮ್ಮೆಯಂತೂ ಒಂದೇ ಅಂಗಡಿಯಿಂದ ಬಂದ ದರಪಟ್ಟಿಗೆ ಸಹಿ ಹಾಕಲು ಹೊರಟಾಗ ಟೈಪಿಸ್ಟ್ ಪೆನ್ನು ಕಿತ್ತುಕೊಳ್ಳಬೇಕಾಯಿತು. ಷರಾ: 'ನೋವು ಹಾಗೇ ಇದೆ. ಆದರೆ ಅದರ ಬಗ್ಗೆ ಬೇಸರವಿಲ್ಲ.'

ಆರನೆಯದು ಹೆಬ್ಬೆರಳಿಗೆಂದು ಅಲ್ಲಿಗೇ ಹೋಗಿ ಬಂದಿದ್ದ ಟೈಪಿಸ್ಟ್ ಹೇಳಿದ ಫಿಸಿಯೋಥೆರಪಿ. ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆ ಕನ್ನಡಿ, ಗೂಟಕ್ಕೆ ರಬ್ಬರು ಪಟ್ಟಿಗಳು, ಮೂಲೆಯಲ್ಲಿ ಮರಳು ತುಂಬಿದ ಚೀಲಗಳು. ಫಿಸಿಯೋ ಡಾಕ್ಟರಮ್ಮ ಇನ್ನೂ ಚಿಕ್ಕವಳು, ಮಾತು ಮಾತ್ರ ಹೆಡ್ಮೇಷ್ಟ್ರಮ್ಮನದು. ಸಾಹೇಬರ ಸೊಂಟವನ್ನು ಬಗ್ಗಿಸಿ ತಿರುಗಿಸಿ ನೋಡಿದಳು.

"ನರದ ಮೇಲೆ ನರ ಯಾವುದೂ ಹತ್ತಿಲ್ಲ. ನಿಮ್ಮ ಸೊಂಟದ ಮಾಂಸಖಂಡಕ್ಕೆ ಬಲ ಇಲ್ಲ, ಅಷ್ಟೆ. ನಿಮ್ಮ ಟೈಪಿಸ್ಟ್ ಹೆಬ್ಬೆರಳಲ್ಲಿ ಇರೋದೂ ನರ ಅಲ್ಲ, ಮಾಂಸಾನ ಮೂಳೆಗೆ ಕಟ್ಟಿರೋ ಹಗ್ಗ. ಹಗ್ಗ ಇರ್ಲಿ, ಕೀಲಿರ್ಲಿ, ಸೊಂಟ ಇರ್ಲಿ, ಹೆಚ್ಚು ಕಡಿಮೆ ಒಂದೇ ದಾರಿ. ಸ್ವಲ್ಪ ಸ್ವಲ್ಪವೇ ಭಾರ ಕೊಡ್ತಾ ಹೋಗ್ಬೇಕು. ದಿನಾ ಮಾಡ್ಬೇಕು. ಹನ್ನೆರಡು ವಾರ."

"ಹನ್ನೆರಡು ವಾರದಲ್ಲಿ ಪೂರ್ತಿ ವಾಸಿ ಆಗುತ್ತಾ?"

"ಆಣೆ ಮಾಡಿ ಹೇಳಲ್ಲ. ಬಹಳ ಜನಕ್ಕೆ ಆಗುತ್ತೆ. ಬೇಜಾರಂತೂ ಗ್ಯಾರಂಟಿ ಆಗುತ್ತೆ."

ತನ್ನ ಸರಕಿನ ಬಗ್ಗೆ ಹೀಗೆ ಮಾತಾಡುವ ಸರಬರಾಜುದಾರರನ್ನು ಸಾಹೇಬರು ಕಂಡಿರಲಿಲ್ಲ. ಆದರೂ ಮಾಡಿದರು. ಅಂಗಾತ ಮಲಗಿ ಸೊಂಟ ಎತ್ತುವುದು, ಕುರ್ಚಿಯಿಂದ ಏಳುವುದು ಕೂರುವುದು, ಖಾಲಿ ಬಕೆಟ್ ಎತ್ತುವುದು. ಹದಿನೈದನೆಯ ದಿನ ನೋವು ಎಂಟರಿಂದ ಐದಕ್ಕೆ ಬಂದಿತ್ತು. ಸಾಹೇಬರು ಸಂತೋಷದಿಂದ 'ಉತ್ತಮ' ಎಂದು ಷರಾ ಬರೆದು, ಡಾಕ್ಟರಮ್ಮನಿಗೆ ಕೈ ಮುಗಿದು, ನಾಳೆಯಿಂದ ಬರುವುದಿಲ್ಲ ಎಂದರು.

"ಕೆಲಸ ಮಾಡ್ತಾ ಇದೆ ಅಂತ ನಿಲ್ಲಿಸ್ತೀರಾ?" ಆಕೆಗೆ ಅರ್ಥವೇ ಆಗಲಿಲ್ಲ.

"ಇನ್ನೂ ಐದು ಜನ ಬಾಕಿ ಇದಾರಮ್ಮಾ. ಅವರಿಗೆ ಅನ್ಯಾಯ ಆಗ್ಬಾರ್ದಲ್ಲ."

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ವಾಸಿಯಾಗುತ್ತಿದ್ದ ಸೊಂಟವನ್ನು ಒಂದು ವಾರ ಖಾಲಿ ಬಿಟ್ಟು, ನೋವು ಮತ್ತೆ ಎಂಟಕ್ಕೆ ಏರಿದ ಮೇಲೆ, ಸಾಹೇಬರು ಏಳನೆಯ ಸಾಲಿಗೆ ದಾಟಿದರು. ಅದು ಶಾಖ ಮತ್ತು ಐಸು. ಶಾಖ ಎಂದವರು ಮೂವರು, ಐಸು ಎಂದವರು ಮೂವರು. ಸಮಬಲವಾದ್ದರಿಂದ ಎಡಕ್ಕೆ ಬಿಸಿನೀರಿನ ಚೀಲ, ಬಲಕ್ಕೆ ಐಸು ಇಟ್ಟುಕೊಂಡು ಮಲಗಿದರು. 'ಎಡಕ್ಕೆ ಬೇಸಗೆ, ಬಲಕ್ಕೆ ಚಳಿಗಾಲ. ನೋವು ನಡುವೆ ಸುಖವಾಗಿದೆ.' ಎಂಟನೆಯದು ಬರಿ ನೆಲದ ಮೇಲೆ ನಿದ್ದೆ. ಒಂಬತ್ತನೆಯದು ಮೇಲಧಿಕಾರಿಯ ಭುಜಕ್ಕೆ ಹಾಕಿದಂಥದ್ದೇ ಒಂದು ಇಂಜೆಕ್ಷನ್ನು. ಹತ್ತು ದಿನ ಸ್ವರ್ಗ, ಹನ್ನೊಂದನೆಯ ದಿನ ಮತ್ತೆ ಭೂಲೋಕ. ಹತ್ತನೆಯದು ಅಯಸ್ಕಾಂತದ ಹಾಸಿಗೆ. ಅದಕ್ಕೆ ಮನೆಯ ಗುಂಡುಸೂಜಿಗಳೆಲ್ಲ ಅಂಟಿಕೊಂಡು, ನೋವು ಸೊಂಟದಿಂದ ಸ್ವಲ್ಪ ಕೆಳಗೆ ಬಂತು.

ಹೀಗೆ ಏಳು ತಿಂಗಳು ಕಳೆದವು. ಮೊದಮೊದಲು ಭಾನುವಾರ ಅಕ್ಕ ತಲೆ ಬಾಚಿ, ಚಪ್ಪಲಿಯನ್ನು ಕುರ್ಚಿಯ ಪಕ್ಕ ಜೋಡಿಸಿ ಇಟ್ಟುಕೊಂಡು, "ಎಲ್ಲಿಗೆ ಬಂತೋ ನಿನ್ನ ಪಟ್ಟಿ?" ಎಂದು ಕೇಳುತ್ತಿದ್ದಳು. ಎಂಟನೆಯ ಸಾಲಿನ ಹೊತ್ತಿಗೆ ಕೇಳುವುದು ಬಿಟ್ಟಳು. ಕುರ್ಚಿಯನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡಳು. ಒಂದು ಭಾನುವಾರ ಚಪ್ಪಲಿಯೂ ಕಾಣಲಿಲ್ಲ. ಹೆಂಡತಿ ಹುಡುಕಿದಾಗ ಅದು ಬೀರುವಿನೊಳಗೆ, ಪೇಪರಿನಲ್ಲಿ ಸುತ್ತಿಟ್ಟು, ಚಳಿಗಾಲದ ಬಟ್ಟೆಗಳ ಕೆಳಗೆ ಇತ್ತು.

"ಅತ್ತಿಗೆ ಅರ್ಧ ಊಟಕ್ಕೇ ಕೈ ತೊಳೀತಾರೆ ರೀ," ಎಂದಳು ಹೆಂಡತಿ. "ಕೇಳಿದ್ರೆ ಸಾಕು ಅಂತಾರೆ."

"ವಯಸ್ಸಾಯ್ತು. ಜೀರ್ಣ ಆಗಲ್ಲ," ಎಂದರು ಸಾಹೇಬರು ಅಯಸ್ಕಾಂತದ ಹಾಸಿಗೆಯ ಮೇಲಿಂದ. ಲೋಕದಲ್ಲಿ ಏನೇ ನಡೆದರೂ ತಮ್ಮ ಮೂಗಿನ ನೇರಕ್ಕೇ ಅಳೆಯುವುದು ಅವರಿಗೆ ಅಭ್ಯಾಸವಾಗಿ ಹೋಗಿತ್ತು.

ಹತ್ತನೆಯ ಸಾಲು ಮುಗಿದ ದಿನ ಮುಂದಿನ ತಾರೀಖು ನೋಡಲು ಅವರು ಅಕ್ಕನ ಕೋಣೆಗೆ ಹೋದರು. ಗೋಡೆಯ ಕ್ಯಾಲೆಂಡರ್ ಇದ್ದದ್ದು ಅಲ್ಲೇ. ಅಕ್ಕ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಸಾಹೇಬರ ಕಣ್ಣು ಭಾನುವಾರದ ಸಾಲಿನ ಮೇಲೆ ನಿಂತಿತು. ಪ್ರತಿ ಚೌಕದಲ್ಲೂ ಪೆನ್ಸಿಲಿನಲ್ಲಿ ಒಂದು ಅಂಕಿ ಇತ್ತು. ಹಿಂದಿನ ತಿಂಗಳುಗಳ ಹಾಳೆ ತಿರುವಿದರು, ಅಲ್ಲೂ ಇತ್ತು. ಐವತ್ತೆರಡು. ಐವತ್ತೊಂದೂವರೆ. ಐವತ್ತೊಂದು. ನಲವತ್ತೊಂಬತ್ತು. ಹೋದ ಭಾನುವಾರದ್ದು ನಲವತ್ತಾರೂವರೆ. ಮಂಚದ ಕೆಳಗಿನಿಂದ ತೂಕದ ಯಂತ್ರ ಅರ್ಧ ಹೊರಗೆ ಬಂದಿತ್ತು. ಮೂವತ್ತು ವರ್ಷ ಅಂಕಣಗಳನ್ನು ಓದಿದವರಿಗೆ ಈ ಅಂಕಣ ಓದಲು ಒಂದು ಕ್ಷಣ ಸಾಕಾಯಿತು. ಷರಾ ಮಾತ್ರ ಇರಲಿಲ್ಲ.

"ಅಕ್ಕಾ, ಏನಿದು?"

ಅಕ್ಕ ಕಣ್ಣು ಬಿಟ್ಟಳು. "ಪಟ್ಟಿ. ನಿನಗೊಬ್ಬನಿಗೇ ಬರೋದಾ ಪಟ್ಟಿ ಮಾಡೋಕೆ?"

"ಯಾಕೆ ಮಾಡಿದೆ?"

"ಕಡತ ಅಂತೆ ಕಡತ," ಎಂದಳು ಅಕ್ಕ. "ಶನಿವಾರ ಕಡತ ಎತ್ತಿದೆ, ಸೋಮವಾರ ಸೊಂಟ ಹೋಯ್ತು. ಭಾನುವಾರ ಏನು ಎತ್ತಿದ್ದೆ? ನನ್ನ ಎತ್ತಿದ್ದೆ. ನಾನೇನು ಎಳೇ ಮಗೂನಾ, ತಿಳಿಯದೆ ಇರೋಕೆ? ನನ್ನ ಮನಸ್ಸು ನೋಯುತ್ತೆ ಅಂತ ಕಡತದ ಮೇಲೆ ಹಾಕಿದೆ. ನಲವತ್ತೈದಕ್ಕೆ ಬಂದ್ರೆ ಹೊರಬಹುದೇನೋ ಅಂದ್ಕೊಂಡೆ. ಆಮೇಲೆ, ಪಾಪ, ಇಷ್ಟೆಲ್ಲ ಮಾಡಿಸ್ಕೊಂಡ್ರೂ ಹೋಗ್ತಿಲ್ಲವಲ್ಲ, ಇನ್ನು ಬೀದಿ ಸಾಕು ಅನ್ನಿಸ್ತು."

ಸಾಹೇಬರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ತಾವು ಉಳಿಸಿಕೊಂಡ ಮೀಸೆಯ ಮಣ್ಣನ್ನೆಲ್ಲ ಐದು ತಿಂಗಳು ಅಕ್ಕ ತಟ್ಟೆಯಲ್ಲಿ ಹಾಕಿಕೊಂಡು ಉಂಡಿದ್ದಳು.

"ಸೀನಿದೆ," ಎಂದರು.

"ಏನು?"

"ಸೀನಿದೆ ಅಕ್ಕಾ. ಬೂಟಿನ ದಾರ ಕಟ್ತಾ ಒಂದು ಸೀನು ಸೀನಿದೆ. ಅಷ್ಟಕ್ಕೇ ಹೋಯ್ತು. ಕಡತಾನೂ ಇಲ್ಲ, ನೀನೂ ಅಲ್ಲ. ಹೇಳೋಕೆ ನಾಚಿಕೆ ಆಯ್ತು."

ಅಕ್ಕ ನಂಬಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ಹೆಂಡತಿಯ ಮುಖ ನೋಡಿದಳು.

"ಸಾಕ್ಷಿ ನಾನಿದೀನಿ ಅತ್ತಿಗೆ. ಕಿಟಕಿ ಗಾಜು ಕೂಡ ಅಲ್ಲಾಡ್ತು."

ಮೊದಲು ಅಕ್ಕನ ಭುಜ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ಆಮೇಲೆ ಅವಳು ಕುರ್ಚಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನೀರಿನಲ್ಲಿ ಅರ್ಧ ಮಾತ್ರ ನಗೆಯದು ಎಂದು ಮೂವರಿಗೂ ಗೊತ್ತಿತ್ತು. ನಗು ನಿಂತ ಮೇಲೆ ತಮ್ಮನ ತಲೆಗೆ ಕೋಲಿನಿಂದ ಒಂದು ಕುಟ್ಟಿದಳು.

"ಒಂದು ಸೀನಿಗೆ ಐದು ತಿಂಗಳು ನನ್ನ ಅರೆಹೊಟ್ಟೆ ಮಲಗಿಸಿದ್ಯಲ್ಲೋ, ಮುಠ್ಠಾಳ!" ಎಂದು, ಹೆಂಡತಿಯ ಕಡೆ ತಿರುಗಿ, "ಏನಾದ್ರೂ ತಿನ್ನೋಕೆ ಕೊಡು ತಾಯಿ. ಎರಡು ತಟ್ಟೆ ಕೊಡು," ಎಂದಳು.

ಅಂದು ಸಂಜೆ ಸಾಹೇಬರು ಸರ್ವಿಸಿನಲ್ಲಿ ಮೊದಲ ಸಲ ಅಪೂರ್ಣ ಪಟ್ಟಿಯೊಂದಕ್ಕೆ ಅಂತಿಮ ಆದೇಶ ಬರೆದರು. ಹನ್ನೊಂದನೆಯವರನ್ನು ಕರೆಯದೆಯೇ ಆರನೆಯವರನ್ನು ಅಂಗೀಕರಿಸಿದರು. ಮರುದಿನ ದರ್ಜಿ ಅಂಗಡಿಯ ಮೇಲೆ ಹೋಗಿ ನಿಂತಾಗ ಡಾಕ್ಟರಮ್ಮ, "ಉಳಿದ ಐದು ಜನ ಹೇಗಿದಾರೆ?" ಎಂದಷ್ಟೇ ಕೇಳಿದಳು. ಅಕ್ಕನನ್ನು ಹೊರುವ ವಿಷಯ ಕೇಳಿ ಹುಬ್ಬೇರಿಸಿದಳು. ಒಂದು ಭಾನುವಾರ ಮನೆಗೇ ಬಂದು, ಮಂಡಿ ಬಗ್ಗಿಸಿ ಏಳುವುದು ಹೇಗೆ, ಭಾರವನ್ನು ಬೆನ್ನಿಗೆ ಅಂಟಿಸಿ ಹಿಡಿಯುವುದು ಹೇಗೆ ಎಂದು ತೋರಿಸಿದಳು. ಹೋಗುವಾಗ ಅಕ್ಕನ ಮಂಡಿ ಮುಟ್ಟಿ ನೋಡಿ, "ಇವರಿಗ್ಯಾಕೆ ಯಾರೂ ವ್ಯಾಯಾಮ ಹೇಳಿಲ್ಲ?" ಎಂದಳು. ಸಾಹೇಬರು ತಲೆ ಕೆರೆದುಕೊಂಡರು. ಹನ್ನೊಂದು ಸಾಲಿನ ಪಟ್ಟಿಯಲ್ಲಿ ಅಕ್ಕನ ಮಂಡಿಗೆ ಅರ್ಧ ಸಾಲೂ ಇರಲಿಲ್ಲ.

ಹನ್ನೆರಡು ವಾರ ಆ ಮನೆಯಲ್ಲಿ ಬೇಜಾರು ಹೇಳಿದ ಹೊತ್ತಿಗೆ ಸರಿಯಾಗಿ ನಡೆಯಿತು. ತಮ್ಮ ಸೊಂಟ ಎತ್ತಿ ಎಣಿಸುತ್ತಿದ್ದರೆ, ಅಕ್ಕ ಎದುರಿಗೆ ಕುರ್ಚಿಯಿಂದ ಎದ್ದು ಕೂತು ಎಣಿಸುತ್ತಿದ್ದಳು. ಖಾಲಿ ಬಕೆಟ್ ಹೋಗಿ ಅರ್ಧ ಬಕೆಟ್ ಬಂತು, ಅರ್ಧ ಹೋಗಿ ತುಂಬಿದ್ದು ಬಂತು, ಆಮೇಲೆ ಮರಳಿನ ಚೀಲ. ಅತ್ತ ಅಕ್ಕ ಊಟಕ್ಕೆ ಕೂತರೆ ಏಳುತ್ತಿರಲಿಲ್ಲ.

"ಇನ್ನೊಂದು ಸೌಟು ಹಾಕು. ಭಾರ ಹೆಚ್ಚಿಸ್ತಾ ಹೋಗ್ಬೇಕು ಅಂತ ಡಾಕ್ಟರಮ್ಮ ಹೇಳಿಲ್ವಾ? ನನ್ನ ಕೈಲಾದ ಸಹಾಯ ನಾನು ಮಾಡ್ತೀನಿ."

ಹದಿಮೂರನೆಯ ಭಾನುವಾರ ಹತ್ತು ಗಂಟೆಗೆ ಸಾಹೇಬರು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತರು. ನೋವು ಪೂರ್ತಿ ಹೋಗಿರಲಿಲ್ಲ, ಹತ್ತಕ್ಕೆ ಎರಡರಷ್ಟು ಉಳಿದಿತ್ತು. ಅಕ್ಕ ಚಪ್ಪಲಿ ಮೆಟ್ಟಿದ್ದಳು. ಕೊರಳಿಗೆ ಕೈ ಬಿತ್ತು. ಮಂಡಿ ಬಗ್ಗಿಸಿ, ಉಸಿರು ಹಿಡಿದು, ಸಾಹೇಬರು ಎದ್ದರು. ಎದ್ದೇಬಿಟ್ಟರು! ಮೂರನೆಯ ಮಹಡಿ ಇಳಿದರು, ನಿಂತರು. ಎರಡನೆಯದು ಇಳಿದರು, ನಿಂತರು. ಹೆಂಡತಿ ಕೋಲು ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು.

ಕೊನೆಯ ಹದಿನೆಂಟು ಮೆಟ್ಟಿಲಿನ ಕೆಳಗೆ ಜನ ಕಾದಿದ್ದರು. ಬೀಗದ ಕೀ ಮಾಡುವವನು ಸ್ಟೂಲು ಒರೆಸಿ ಬಂದಿದ್ದ. ಪಕ್ಕದ ಬೀದಿಯಲ್ಲಿರುವ ಕಚೇರಿಯ ಡ್ರೈವರ್ ಬಂದಿದ್ದ. ಕೆಳಮನೆಯಾಕೆ, ಅಕ್ಕ ಇಳಿಯುವ ದಿನ ಜಾಗ ಚೊಕ್ಕಟವಾಗಿರಲಿ ಎಂಬ ಒಳ್ಳೆಯ ಮನಸ್ಸಿನಿಂದ, ಲಿಫ್ಟಿನ ಜಾಗದ ಹಳೆಯ ಹಾಸಿಗೆಯನ್ನು ಹೊರಗೆಳೆದು ಕೋಲಿನಿಂದ ಬಡಿಯುತ್ತಿದ್ದಳು. ಹತ್ತು ವರ್ಷದ ಧೂಳು ಮೆಟ್ಟಿಲಿನುದ್ದಕ್ಕೂ ಮೇಲೆದ್ದು ಬರುತ್ತಿತ್ತು.

ಏಳನೆಯ ಮೆಟ್ಟಿಲಿನಲ್ಲಿ ಸಾಹೇಬರು ನಿಂತರು. "ಅಕ್ಕಾ..."

"ಏನೋ? ಸೊಂಟಾನಾ?"

"ಅಲ್ಲ. ಬರ್ತಾ ಇದೆ."

ಅಕ್ಕನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕೊರಳು ಬಳಸಿದ್ದ ಕೈಯೊಂದನ್ನು ಬಿಟ್ಟು, ಹಿಂದಿನಿಂದಲೇ ತಮ್ಮನ ಮೂಗನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದಳು.

ಕೆಳಗಿದ್ದವರಿಗೆ ಇದೇನೆಂದು ತಿಳಿಯಲಿಲ್ಲ. ಬೀಗದವನು ಗಾಬರಿಯಾದ. "ಜೋಪಾನ ಸಾರ್! ಅಮ್ಮನ್ನ ಹೊತ್ತೇ ಅಲ್ವಾ ಹೋದ್ಸಲ ಸೊಂಟ ಹೋಗಿದ್ದು!"

ಬೆನ್ನ ಮೇಲೆ ಅಕ್ಕ ತಟ್ಟನೆ ಮುದುಡಿದ್ದು ಸಾಹೇಬರಿಗೆ ಗೊತ್ತಾಯಿತು. ತೂಕ ಕಡಿಮೆಯಾಗಲಿ ಎಂದು ಉಸಿರು ಬಿಗಿಹಿಡಿದವರ ಹಾಗೆ. ಬೀದಿಯೆಲ್ಲ ಹೀಗೇ ಅಂದುಕೊಂಡಿದೆ ಎಂದು ಸಾಹೇಬರಿಗೆ ಆಗ ತಿಳಿಯಿತು. ಎದುರಿಗೆ ಡ್ರೈವರ್ ನಿಂತಿದ್ದ. ಅವನಿಗೆ ತಿಳಿದದ್ದು ನಾಳೆ ಹನ್ನೊಂದು ಗಂಟೆಯೊಳಗೆ ಇಡೀ ಕಚೇರಿಗೆ ತಿಳಿಯುತ್ತದೆ. ಆದರೆ ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ.

"ಅಕ್ಕದಿಂದ ಅಲ್ಲಯ್ಯಾ!" ಎಂದು ಸಾಹೇಬರು, ಹಿಡಿದ ಮೂಗಿನಲ್ಲಿ ನಕಾರವೆಲ್ಲ ದಕಾರವಾಗಿ, ಮೆಟ್ಟಿಲು ನಡುಗುವಂತೆ ಕೂಗಿದರು. "ಸೀದಿದ್ದಕ್ಕೆ ಹೋಯ್ತು! ಸೀದಿದ್ದಕ್ಕೆ!"

"ಸೀದಿದ್ದಾ? ಅಯ್ಯೋ, ನನ್ನ ಹಾಲು!" ಎಂದು ಕೆಳಮನೆಯಾಕೆ ಕೋಲು ಬಿಸಾಕಿ ಒಳಗೆ ಓಡಿದಳು. ಬಡಿಯುವುದು ನಿಂತಿತು, ಧೂಳು ಇಳಿಯಿತು. ಅಕ್ಕ ಮೂಗು ಬಿಟ್ಟಳು.

"ಸೀನಿದ್ದಕ್ಕೆ," ಎಂದರು ಸಾಹೇಬರು, ಈಗ ಒಂದೊಂದೇ ಅಕ್ಷರ ಬಿಡಿಸಿ. "ಬೂಟಿನ ದಾರ ಕಟ್ತಾ ಸೀನಿದೆ. ಸೊಂಟ ಹೋಯ್ತು. ಕಡತ ಎತ್ತಿದ್ದು ಸುಳ್ಳು. ನಮ್ಮಕ್ಕ ನನಗೆ ಯಾವತ್ತೂ ಭಾರ ಆಗಿಲ್ಲ."

ಡ್ರೈವರನ ಮುಖ ಹಬ್ಬವಾಯಿತು. ಬೆನ್ನ ಮೇಲೆ ಅಕ್ಕ ಬಿಗಿಹಿಡಿದ ಉಸಿರು ಬಿಟ್ಟು, ಮೈಯ ಭಾರವನ್ನೆಲ್ಲ ತಮ್ಮನ ಮೇಲೆ ಹಾಕಿ ಹಾಯಾಗಿ ಕೂತಳು. ಉಳಿದ ಮೆಟ್ಟಿಲು ಸಾಹೇಬರು ಇಳಿದದ್ದೇ ತಿಳಿಯಲಿಲ್ಲ.

ಸೋಮವಾರದಿಂದ ಕಚೇರಿಯಲ್ಲಿ ಅವರು ಸೀನು ಸಾಹೇಬರು. ಹೊಸಬರು ಅದು ಅಪ್ಪ ಅಮ್ಮ ಇಟ್ಟ ಹೆಸರೆಂದೇ ತಿಳಿದಿದ್ದಾರೆ. ಅಕ್ಕ ಆ ಭಾನುವಾರ ಮೂರು ಗಂಟೆಯ ಬದಲು ಐದು ಗಂಟೆ ದರ್ಬಾರು ನಡೆಸಿದಳು; ತಿಂಗಳುಗಟ್ಟಲೆ ಬಾಕಿ ಬಿದ್ದಿದ್ದ ಊರ ಸುದ್ದಿಯೆಲ್ಲ ಇತ್ಯರ್ಥವಾಗಬೇಕಿತ್ತು.

ಸಂಜೆ ಸಾಹೇಬರು ಅಕ್ಕನ ಕೋಣೆಗೆ ಹೋಗಿ ಕ್ಯಾಲೆಂಡರ್ ನೋಡಿದರು. ಅಂದಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಐವತ್ತಮೂರು ಎಂದಿತ್ತು, ಹಿಂದೆಂದೂ ಇಲ್ಲದಷ್ಟು ಹೆಚ್ಚು. ಅದರ ಪಕ್ಕದಲ್ಲಿ ಅಕ್ಕ ಮೊದಲ ಸಲ ಒಂದು ಷರಾ ಬರೆದಿದ್ದಳು: 'ಇಳಿದೆ.'